ಮೂವತ್ತಾರು ಒಂಟೆಗಳ ಲೆಕ್ಕ

‘ಮೈನಸ್ ಬಿ, ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ, ಬೈ ಟು ಎ’. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಹತ್ತನೇ ತರಗತಿಗೆ ಹೋದರೂ ವರ್ಗಸಮೀಕರಣದ ಈ ಸೂತ್ರ ಬಾಯಿಪಾಠ. ಅದರ ಕತೆ ಹೇಳುವಾಗ ಬ್ರಹ್ಮಗುಪ್ತ, ಶ್ರೀಧರಾಚಾರ್ಯರ ಹೆಸರು ಬರುತ್ತವೆ. ಈ ಸೀಮೆಯ ಮಕ್ಕಳಿಗಾದರೆ ಮಹಾವೀರಾಚಾರ್ಯನಿಂದಲೇ ಶುರುಮಾಡಬೇಕು.

ಮಹಾವೀರ ‘ಗಣಿತಸಾರಸಂಗ್ರಹ’ ಬರೆದದ್ದು ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಗ್ರಂಥದ ಆರಂಭದಲ್ಲೇ ದೊರೆಯ ಹೊಗಳಿಕೆಯಿದೆ. ಅದೇ ಆಸ್ಥಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಆಗ ಅದು ದೊಡ್ಡ ಜೈನ ತೀರ್ಥ, ಮಹಾವೀರನೂ ಜೈನ. ಇಷ್ಟಕ್ಕೇ ಅವನನ್ನು ಕೊಪ್ಪಳದವನೆಂದು ಸಾರಬೇಕಿಲ್ಲ. ಒಂದೇ ರಾಜ್ಯ, ಒಂದೇ ಧರ್ಮದ ಬಳಗ, ಅಷ್ಟು ಸಾಕು.

ಅವನ ಒಂದು ಲೆಕ್ಕದ ಸಾರ ಹೀಗಿದೆ: ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿವೆ, ಉಳಿದ 15 ಹೊಳೆದಂಡೆಯಲ್ಲಿವೆ. ಒಟ್ಟು ಎಷ್ಟು? (ಒಂಟೆಯೇ ಯಾಕೆ ಬಂತೋ! ಅವನ ಬೇರೆ ಲೆಕ್ಕಗಳಲ್ಲಿ ನವಿಲು, ದುಂಬಿ, ಆನೆಗಳೂ ಇವೆ.)

ಮಹಾವೀರನ ದಾರಿ ಹಿಡಿಯೋಣ. ವರ್ಗಮೂಲದ ಗುಣಕ 2. ಅದರ ಅರ್ಧ 1. ಕಾಲುಭಾಗ ಕಳೆದರೆ ಹಿಂಡಿನಲ್ಲಿ ಉಳಿಯುವುದು ಮುಕ್ಕಾಲು. ಅದರಿಂದ 1ನ್ನೂ 15ನ್ನೂ ಭಾಗಿಸಿದರೆ 4/3 ಮತ್ತು 20. 4/3ರ ವರ್ಗ 16/9. ಅದಕ್ಕೆ 20 ಕೂಡಿದರೆ 196/9. ಅದರ ವರ್ಗಮೂಲ 14/3. ಇದಕ್ಕೆ 4/3 ಸೇರಿಸಿದರೆ 6, ಅದರ ವರ್ಗ 36. ಅಕ್ಷರಗಳನ್ನು ತೆಗೆದು ನೋಡಿದರೆ ಇದು ಇಂದಿನ ಸೂತ್ರವೇ.

628ರಲ್ಲೇ ಬ್ರಹ್ಮಗುಪ್ತ ಇಂಥ ನಿಯಮವನ್ನು ಶ್ಲೋಕದಲ್ಲಿ ಕೊಟ್ಟಿದ್ದ. ಭಿನ್ನರಾಶಿಯ ಕಾಟ ತಪ್ಪಿಸುವ ಉಪಾಯ ಶ್ರೀಧರನ ಹೆಸರಿನಲ್ಲಿ ಪ್ರಸಿದ್ಧ. ಅವನ ಬೀಜಗಣಿತದ ಪುಸ್ತಕ ಕಳೆದುಹೋಗಿದೆ; ಭಾಸ್ಕರಾಚಾರ್ಯ 12ನೇ ಶತಮಾನದಲ್ಲಿ ತನ್ನ ‘ಬೀಜಗಣಿತ’ದಲ್ಲಿ ಉದ್ಧರಿಸಿದ್ದರಿಂದ ಆ ನಿಯಮ ಉಳಿಯಿತು. ವರ್ಗದ ಗುಣಕದ ನಾಲ್ಕು ಪಟ್ಟಿನಿಂದ ಎರಡೂ ಬದಿ ಗುಣಿಸು, ಅವ್ಯಕ್ತದ ಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು. ಹಿಂಡಿನ ವರ್ಗಮೂಲವನ್ನು ‘ಯ’ ಎಂದರೆ ನಮ್ಮ ಒಂಟೆಗಳ ಸಮೀಕರಣ 3ಯ² − 8ಯ = 60. 12ರಿಂದ ಗುಣಿಸಿ 64 ಕೂಡಿಸಿದರೆ ಎಡಕ್ಕೆ 6ಯ − 8ರ ವರ್ಗ, ಬಲಕ್ಕೆ 784, ಅಂದರೆ 28ರ ವರ್ಗ. ಎಷ್ಟು ಚೊಕ್ಕ! ಸೂತ್ರದಲ್ಲಿನ ‘ಫೋರ್ ಎಸಿ’ಯ ನಾಲ್ಕು ಬಂದದ್ದು ಇಲ್ಲಿಂದಲೇ. ಪಾಠ ಮಾಡುವಾಗ ಇದನ್ನು ತೋರಿಸಿದರೆ ಉರು ಹೊಡೆಯುವ ಕಷ್ಟ ಅರ್ಧಕ್ಕಿಳಿಯುತ್ತದೆ.

ಸೂತ್ರಕ್ಕೆ ಎ, ಬಿ, ಸಿಗಳ ಉಡುಪು ಸಿಕ್ಕಿದ್ದು ಬಹಳ ತಡವಾಗಿ, ಫ್ರಾನ್ಸಿನ ವಿಯೆಟ್ ಮತ್ತು ಡೆಕಾರ್ಟ್‌ರ ಕೈಯಲ್ಲಿ, 16–17ನೇ ಶತಮಾನದಲ್ಲಿ.

ಒಂಟೆಗಳ ಸಮೀಕರಣಕ್ಕೆ −10/3 ಎಂಬ ಇನ್ನೊಂದು ಮೂಲವೂ ಇದೆ. ಒಂಟೆ ಎಣಿಸಲು ಅದು ಉಪಯೋಗವಿಲ್ಲ. ಸೂತ್ರದ ವರ್ಗಮೂಲದೊಳಗಿನ ‘ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ’, ಅಂದರೆ ಶೋಧಕವೇ ಋಣವಾದರೆ? ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರ ಖಡಾಖಂಡಿತ ಹೇಳಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಇಂದಿಗೂ ‘ನೈಜ ಮೂಲಗಳಿಲ್ಲ’ ಎಂದು ಬರೆದರೆ ಅಂಕ ಸಿಗುತ್ತದೆ. 1545ರಲ್ಲಿ ಇಟಲಿಯ ಕಾರ್ಡಾನೊ, ಗುಣಲಬ್ಧ 40 ಬರುವಂತೆ 10ನ್ನು ಎರಡು ಭಾಗ ಮಾಡಲು ಹೊರಟು −15ರ ವರ್ಗಮೂಲವನ್ನು ಅಳುಕುತ್ತಲೇ ಬರೆದ. ಪಿಯುಸಿ ವಿಜ್ಞಾನ ತೆಗೆದುಕೊಂಡವರಿಗೆ ಮೊದಲ ವರ್ಷವೇ ಅದು ಸಂಮಿಶ್ರ ಸಂಖ್ಯೆಯಾಗಿ ಎದುರಾಗುತ್ತದೆ.