ಅಂಬಾಸಿಡರ್ ಕಾರಿನ ಮುಂಭಾಗ ತಗ್ಗಿದಾಗ

ನಾಸಿಕದಿಂದ ಯೇವಲಾ, ವೈಜಾಪುರಗಳ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ರಸ್ತೆಯಲ್ಲಿ ಹಳೆಯ ಅಂಬಾಸಿಡರ್ ಕಾರು ಈಗ ಕಾಣಸಿಗುವುದು ಅಪರೂಪ. ಎಲ್ಲೋರಾ, ಅಜಂತಾಗಳಿಗೆ ಹೊರಟ ಪ್ರವಾಸಿಗರನ್ನು ಹೊತ್ತು ನಮ್ಮವರ ಹೋಟೆಲುಗಳ ಮುಂದೆ ಚಹಾಕ್ಕಾಗಿ ನಿಲ್ಲುತ್ತಿದ್ದ ಆ ಗುಂಡುಬೆನ್ನಿನ ವಾಹನವನ್ನು ಹಿರಿಯ ಕಾರ್ಮಿಕ ಬಂಧುಗಳು ಮರೆತಿರಲಾರರು. ಅದರ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಅದರ ಮೇಲಣ ಮಮತೆ ಮಾತ್ರ ನಿಂತಿಲ್ಲ. ಗಲ್ಲಾದ ಮೇಲೆ ಕುಳಿತು ನಾಲ್ಕು ಕಾಸು ಕೂಡಿಸಿದವರೂ, ಗುಮಾಸ್ತಿಕೆಯಲ್ಲಿ ಉಳಿತಾಯ ಮಾಡಿದವರೂ ಹಳೆಯದೊಂದನ್ನು ಕೊಂಡು, ಸಂಸಾರ ಸಮೇತ ಊರಿಗೆ ಹೋಗಿಬರುವ ಆಸೆ ಇಟ್ಟುಕೊಳ್ಳುವುದುಂಟು. ಅಂಥವರಿಗೆ ಇಲ್ಲಿನ ಮಿಸ್ತ್ರಿಯು ಮೊದಲು ಹೇಳುವ ಮಾತು, "ಗಾಡಿ ಪುಢೂನ್ ಬಸಲೀ ಆಹೇ" ಎಂದು. ಒಂದು ಹಲ್ಲು ಏರಿಸಿದರೆ ಸರಿಹೋಗುವುದೆಂದು ಪರಿಹಾರವನ್ನೂ ಅವನೇ ಸೂಚಿಸುವನು. ಆ ಹಲ್ಲು ಎಂದರೇನು, ಅದನ್ನು ಮುಟ್ಟುವ ಮೊದಲು ಏನನ್ನು ನೋಡಬೇಕು ಎಂಬುದನ್ನು ಕಾರಿನ ಯಜಮಾನನು ಅರಿತಿರುವುದು ಲೇಸು. ಘಾಟಿಯ ತಿರುವಿನಲ್ಲಿ ಮಡದಿ ಮಕ್ಕಳ ಪ್ರಾಣವನ್ನು ಕಾಯುವವು ಆ ಎರಡು ಮುಂಗಾಲಿಗಳೇ ಅಲ್ಲವೆ?

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು 1942ರಲ್ಲಿ ಗುಜರಾತದ ಓಖಾ ಬಂದರಿನಲ್ಲಿ ಆರಂಭವಾಗಿ, ಬಳಿಕ ಬಂಗಾಳದ ಉತ್ತರಪಾಡಾಕ್ಕೆ ಸ್ಥಳಾಂತರಗೊಂಡಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ 1957ರಲ್ಲಿ ಅಂಬಾಸಿಡರನ್ನು ಹೊರತಂದಿತು. ಇದರ ಹಿಂದಣ ಚಕ್ರಗಳಿಗೆ ಜಟಕಾದಲ್ಲಿಯೂ ಕಾಣುವಂಥ ಕಮಾನು ಪಟ್ಟಿಗಳುಂಟು. ಮುಂದೆ ಬಗ್ಗಿ ನೋಡಿದರೆ ಕಮಾನು ಪಟ್ಟಿಯೂ ಇಲ್ಲ, ಸುರುಳಿ ಸ್ಪ್ರಿಂಗೂ ಇಲ್ಲ. ಕಾರಿನ ಉದ್ದಕ್ಕೆ, ಎಡಕ್ಕೊಂದು ಬಲಕ್ಕೊಂದರಂತೆ ಎರಡು ಉಕ್ಕಿನ ಸರಳುಗಳು ಮಲಗಿರುತ್ತವೆ. ಟಾರ್ಷನ್ ಬಾರ್ ಎಂದು ಅವುಗಳ ಹೆಸರು.

ಮೇಜು ಒರಸುವ ಒದ್ದೆ ಬಟ್ಟೆಯನ್ನು ಹಿಂಡುವಾಗ ಒಂದು ಕೈ ಬಿಗಿಹಿಡಿದು, ಇನ್ನೊಂದು ಕೈ ತಿರುಚುತ್ತದೆ. ಈ ಸರಳಿನ ಕೆಲಸವೂ ಅದೇ. ಅದರ ಹಿಂದಿನ ತುದಿಯನ್ನು ಕಾರಿನ ಅಡ್ಡ ತೊಲೆಗೆ ಒಂದು ಚಿಕ್ಕ ತೋಳಿನ ಮೂಲಕ ಬಿಗಿದಿರುತ್ತಾರೆ. ಮುಂದಿನ ತುದಿ ಚಕ್ರವನ್ನು ಹಿಡಿದಿರುವ ಕೆಳತೋಳಿಗೆ ಸೇರಿರುತ್ತದೆ. ಚಕ್ರ ದಿಣ್ಣೆ ಏರಿದಾಗ ಸರಳು ತಿರುಚಿಕೊಳ್ಳುತ್ತದೆ; ಇಳಿದಾಗ ಮೊದಲಿನ ಸ್ಥಿತಿಗೆ ಬಿಚ್ಚಿಕೊಳ್ಳುತ್ತದೆ. ಕಾರಿನ ಮುಂಭಾರವನ್ನು ಹೊತ್ತುಕೊಂಡೇ ಇರುವುದರಿಂದ ನಿಂತಾಗಲೂ ಅದಕ್ಕೆ ವಿಶ್ರಾಂತಿಯಿಲ್ಲ. ವರ್ಷಗಳು ಸಂದಂತೆ ಉಕ್ಕು ಅಷ್ಟಿಷ್ಟು ಸೋತು ಕಾರು ತಗ್ಗುವುದು ಸಹಜ. ಹಿಂದಣ ತುದಿಯ ಹಿಡಿತವನ್ನು ಕೊಂಚ ತಿರುಗಿಸಿ ಕೂಡಿಸಿದರೆ ಆ ಪಾಲಿನ ಚಕ್ರ ಕೆಳಗೊತ್ತಲ್ಪಟ್ಟು ಕಾರು ಮೇಲೇಳುವುದು. ಮಿಸ್ತ್ರಿಯ 'ಹಲ್ಲು' ಇದೇ.

ಆದರೆ ಕಾರು ತಗ್ಗಿ ಕಂಡದ್ದಕ್ಕೆಲ್ಲ ಸರಳನ್ನು ದೂರಬಾರದು. ಟೈರಿನಲ್ಲಿ ಗಾಳಿ ಕಡಿಮೆಯಿರಬಹುದು. ತೋಳಿನ ಕೀಲುಗಳ ರಬ್ಬರ್ ಬುಷ್ ಸವೆದಿರಬಹುದು. ಹಿಂದಿನ ಒಂದು ಕಮಾನು ಪಟ್ಟಿ ಸೋತಿದ್ದರೆ ಮುಂಭಾಗವೂ ಒಂದು ಪಕ್ಕಕ್ಕೆ ವಾಲಿದಂತೆ ತೋರುವುದು. ನಮ್ಮ ಹೋಟೆಲಿನ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಜಿನ ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟರೆ ಭಾರವೆಲ್ಲ ಆ ಕಾಲಿಗೂ, ಅದರ ಕರ್ಣಕ್ಕಿರುವ ಇನ್ನೊಂದು ಕಾಲಿಗೂ ಹೋಗಿ, ಉಳಿದೆರಡು ಹಗುರಾಗುವುದನ್ನು ಅವರು ದಿನವೂ ಕಾಣುತ್ತಾರೆ. ಮುಂದಿನ ಒಂದೇ ಮೂಲೆಯನ್ನು ಅಂದಾಜಿನಿಂದ ಏರಿಸಿದ ಕಾರಿಗೂ ಇದೇ ಗತಿ. ಮಳೆಗಾಲದ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಹಗುರಾದ ಚಕ್ರವೇ ಮೊದಲು ಜಾರುವುದು.

ಆದುದರಿಂದ ಮೊದಲು ಅಳತೆ. ಸಮತಟ್ಟಾದ ನೆಲ ಬೇಕು. ನಾಲ್ಕೂ ಟೈರುಗಳಲ್ಲಿ ಸರಿಯಾದ ಗಾಳಿ ಇರಬೇಕು. ಕಾರಿನೊಳಗೆ ಜನವೂ ಸಾಮಾನೂ ಇರಕೂಡದು. ಮುಂಭಾಗವನ್ನು ಎರಡು ಸಲ ಕೈಯಿಂದ ಒತ್ತಿ ಬಿಟ್ಟು, ಅದು ತಾನಾಗಿ ನೆಲೆಗೊಂಡ ಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಪಾರ್ಶ್ವಗಳಲ್ಲಿ ಅಳೆದು ಬರೆದುಕೊಳ್ಳಬೇಕು. ತಗಡು ಬದಲಿಸಿದ ಕಾರಾದರೆ ಮಡ್‌ಗಾರ್ಡಿನ ಅಂಚನ್ನೂ ನಂಬುವಂತಿಲ್ಲ. ಆಗ ಕೆಳತೋಳಿನ ಒಳಗೀಲು ನೆಲದಿಂದ ಎಷ್ಟು ಎತ್ತರವಿದೆಯೆಂದು ನೋಡುವುದೇ ವಾಸಿ.

ಹಲ್ಲು ಬದಲಿಸುವ ಕೆಲಸವನ್ನು ನುರಿತವನ ಕೈಗೇ ಒಪ್ಪಿಸತಕ್ಕದ್ದು. ತಿರುಚಿದ ಸರಳಿನಲ್ಲಿ ಕಾರಿನ ಭಾರವನ್ನೇ ಎತ್ತುವ ಬಲ ಅಡಗಿದೆ. ಆ ಬಿಗುವನ್ನು ಇಳಿಸದೆ ನಟ್ಟು ಬಿಚ್ಚಿದರೆ ತೋಳು ಸಿಡಿದು ಮುಂಗೈಯನ್ನೇ ಮುರಿದೀತು. ಕಾರು ಬರಿಯ ಜ್ಯಾಕಿನ ಮೇಲಿರಬಾರದು. ಚಾಸಿಯ ಕೆಳಗೆ ಗಟ್ಟಿ ಆಧಾರ ಕೊಟ್ಟಿರಬೇಕು. ಸರಳುಗಳನ್ನು ಹೊರತೆಗೆದರೆ ಎಡದ್ದನ್ನು ಎಡಕ್ಕೇ, ಬಲದ್ದನ್ನು ಬಲಕ್ಕೇ ಹಾಕಬೇಕು. ಕಾರ್ಖಾನೆಯಲ್ಲಿಯೇ ಅವನ್ನು ಒಂದೊಂದು ದಿಕ್ಕಿಗೆ ತಿರುಚಿ ಪಳಗಿಸಿರುತ್ತಾರೆ. ಅದಲುಬದಲಾದರೆ ಬೇಗ ಸೋಲುವುವು, ಮುರಿದರೂ ಮುರಿದಾವು. ಉಳಿಯ ಗೀರು, ಸುತ್ತಿಗೆಯ ಏಟು ಬಿದ್ದ ಸರಳೂ ಅಷ್ಟೇ ಅಪಾಯಕರ. ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ.

ಲೆಕ್ಕದಲ್ಲಿ ಆಸಕ್ತಿಯುಳ್ಳ ಗುಮಾಸ್ತ ಮಿತ್ರರಿಗೆ ಒಂದು ಸ್ವಾರಸ್ಯ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಣ ಸರಳಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗಿನ ಒಂದು ಹಲ್ಲು ಎಂದರೆ 9 ಡಿಗ್ರಿ. ಹೊರಗಿನದು 8 ಡಿಗ್ರಿಗಿಂತ ತುಸು ಹೆಚ್ಚು. ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಒಂದೊಂದೇ ಹಲ್ಲು ಸರಿಸಿದರೆ ಉಳಿಯುವ ವ್ಯತ್ಯಾಸ ಒಂದು ಡಿಗ್ರಿಗಿಂತಲೂ ಕಡಿಮೆ. ದಪ್ಪ ಹಲ್ಲುಗಳಿಂದ ಸೂಕ್ಷ್ಮ ಅಳತೆ ಸಾಧಿಸಿದ ಆ ಜಾಣ್ಮೆ ಮೆಚ್ಚತಕ್ಕದ್ದೇ.

ಎತ್ತರಿಸಿದರೆ ಸರಳು ಗಡುಸಾಗುವುದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಹಳವಾಗಿದೆ. ಅದು ತಪ್ಪು. ಗಡುಸುತನ ಸರಳಿನ ದಪ್ಪ, ಉದ್ದಗಳನ್ನು ಅವಲಂಬಿಸಿದೆ. ಹಲ್ಲು ಬದಲಿಸಿದರೆ ನಿಲ್ಲುವ ಸ್ಥಾನ ಮಾತ್ರ ಬದಲಾಗುವುದು. ಮಿತಿಮೀರಿ ಏರಿಸಿದಾಗ ಚಕ್ರಕ್ಕೆ ಕೆಳಗಿಳಿಯಲು ಎಡೆ ಸಾಲದೆ ಹೊಂಡದಲ್ಲಿ ದಡಕ್ಕೆನ್ನುವುದನ್ನೇ ಜನ ಗಡುಸೆಂದು ತಿಳಿಯುವರು. ಮುಂಬಯಿಯ ಟ್ಯಾಕ್ಸಿಯೆಂದು ಹೆಸರಾಗಿದ್ದ ಪ್ರೀಮಿಯರ್ ಪದ್ಮಿನಿಯ ಮುಂದೆ ಸುರುಳಿ ಸ್ಪ್ರಿಂಗುಗಳಿರುವುದರಿಂದ ಈ ಹಲ್ಲಿನ ಉಪಾಯವೇ ಅಲ್ಲಿಲ್ಲ. ಸೋತ ಸ್ಪ್ರಿಂಗನ್ನು ಜೋಡಿಯಾಗಿ ಬದಲಿಸಬೇಕು. ಶೋಕಿಗಾಗಿ ಕಾರನ್ನು ತಗ್ಗಿಸಲು ಗ್ಯಾಸಿನ ಬೆಂಕಿಯಿಂದ ಸುರುಳಿ ಕತ್ತರಿಸುವವರುಂಟು. ಕಾದ ಉಕ್ಕಿನ ಹದ ಕೆಡುವುದಲ್ಲದೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿಗೂ ಅಂಥ ಮಾರ್ಪಾಡು ಒಪ್ಪುವಂಥದಲ್ಲ.

ಎತ್ತರ ಸರಿಪಡಿಸಿದ ದಿನವೇ ಕಾರನ್ನು ದೂರ ಪಯಣಕ್ಕೆ ಒಯ್ಯಲಾಗದು. ಐದಾರು ಮೈಲಿ ಓಡಿಸಿ, ಸರಳು ನೆಲೆಗೊಂಡ ಮೇಲೆ ಮತ್ತೆ ಅಳೆಯಬೇಕು. ಎತ್ತರ ಬದಲಾದಾಗ ಮುಂಗಾಲಿಗಳ ವಾಲುವಿಕೆಯೂ ಬದಲಾಗುವುದರಿಂದ ಅಲೈನ್‌ಮೆಂಟ್ ನೋಡಿಸದಿದ್ದರೆ ಹೊಸ ಟೈರಿನ ಒಂದು ಅಂಚು ಬೇಗನೆ ಸವೆದುಹೋಗುವುದು. ಬಹುಮಂದಿ ಮರೆಯುವುದು ಹೆಡ್‌ಲೈಟನ್ನು. ಮುಂಭಾಗ ಎದ್ದಾಗ ಬೆಳಕೂ ಮೇಲಕ್ಕೆದ್ದು ಎದುರಿನ ಲಾರಿ ಚಾಲಕನ ಕಣ್ಣನ್ನು ಕುಕ್ಕುವುದು. ಸಂಜೆ ಹೋಟೆಲಿನ ಗೋಡೆಯೆದುರು ಕಾರು ನಿಲ್ಲಿಸಿ, ಕೆಲಸಕ್ಕೆ ಮೊದಲು ಬೆಳಕು ಬಿದ್ದಿದ್ದ ಎತ್ತರವನ್ನು ಸೀಮೆಸುಣ್ಣದಿಂದ ಗುರುತಿಸಿಟ್ಟುಕೊಂಡಿದ್ದರೆ, ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿ ದೀಪದ ತಿರುಪುಗಳನ್ನು ಸರಿಪಡಿಸುವುದು ಹತ್ತು ನಿಮಿಷದ ಕೆಲಸ.