ಹದಿಮೂರು ಮನೆಯ ಹೆಸರು

ಕಲ್ಯಾಣದಿಂದ ಕಸಾರಾದ ಕಡೆಗೆ ಹೊರಟ ಲೋಕಲ್ ಗಾಡಿಯು ಶಹಾಡ್, ಆಂಬಿವಲಿಗಳನ್ನು ದಾಟಿದೊಡನೆ ಸೇರುವ ಊರು ಟಿಟ್ವಾಳಾ. ಕಣ್ವಮಹರ್ಷಿಗಳ ಆಶ್ರಮ ಇದ್ದುದು ಇಲ್ಲಿಯೇ ಎಂದೂ, ಇಲ್ಲಿಯ ಮಹಾಗಣಪತಿಯನ್ನು ಶಕುಂತಲೆಯೇ ಪ್ರತಿಷ್ಠಾಪಿಸಿದಳೆಂದೂ ಸ್ಥಳಪುರಾಣವುಳ್ಳ ಈ ಊರಿನ ಹೆಸರನ್ನು ಮುಂಬಯಿಯ ನಿಲ್ದಾಣಗಳ ಸೂಚನಾಫಲಕವು ‘ಟಿ ಎಲ್’ ಎಂಬ ಎರಡೇ ಅಕ್ಷರಗಳಲ್ಲಿ ಮುಗಿಸಿಬಿಡುತ್ತದೆ. ಸಂಜೆಯ ನೂಕುನುಗ್ಗಲಿನಲ್ಲಿ ಗಾಡಿ ಹಿಡಿಯುವವನಿಗೆ ಅಷ್ಟೇ ಸಾಕು. ಆದರೆ ಆ ಎರಡಕ್ಷರವೇ ತನ್ನ ಊರಿನ ಹೆಸರೆಂದು ಅಲ್ಲಿಯ ನಿವಾಸಿ ಯಾರೂ ತಿಳಿಯುವುದಿಲ್ಲ. ಹ್ರಸ್ವನಾಮವು ದಾರಿಯನ್ನು ತೋರಿಸುವುದಕ್ಕೆ, ದೀರ್ಘನಾಮವು ವಸ್ತುವಿನ ಸ್ವಂತದ್ದು ಎಂಬ ಈ ವಿವೇಕವು ಹಳೆಯ ಸಿ ಭಾಷೆಯ ಪ್ರೋಗ್ರಾಮುಗಳಿಗೆ ಬಹಳ ತಡವಾಗಿ ಬಂದಿತು. ಕೆಲವಕ್ಕೆ ಇನ್ನೂ ಬಂದಿಲ್ಲ.

ಕಡತದ ಹೆಸರಿಗೆ ಎಂಟು ಅಕ್ಷರ, ಅದರ ಜಾತಿಯನ್ನು ಸೂಚಿಸುವ ಬಾಲಕ್ಕೆ ಮೂರು ಅಕ್ಷರ ಎಂಬ ಕಟ್ಟಳೆಯನ್ನು ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ವ್ಯವಸ್ಥೆಯಿಂದ ಟಿಮ್ ಪ್ಯಾಟರ್ಸನ್ 1980ರಲ್ಲಿ ತಮ್ಮ ಕೃತಿಗೆ ತೆಗೆದುಕೊಂಡರು; ಮರುವರ್ಷ ಅದೇ ಎಂಎಸ್-ಡಾಸ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಯಿತು. ಡಾಸ್‌ನ ಡೈರೆಕ್ಟರಿಯಲ್ಲಿ ಪ್ರತಿಯೊಂದು ಕಡತಕ್ಕೂ 32 ಬೈಟುಗಳ ಒಂದು ನಮೂದು, ಅದರಲ್ಲಿ ಹೆಸರಿನ ಪಾಲು 11. ರೋಮನ್ ಲಿಪಿಯಲ್ಲಿ ಬರೆದ ಕಲ್ಯಾಣಕ್ಕೆ 6 ಅಕ್ಷರ, ಟಿಟ್ವಾಳಾಕ್ಕೆ 7, ಡೊಂಬಿವಲಿಗೆ ಸರಿಯಾಗಿ 8. ಇವು ಮೂರೂ ಆ ಕಟ್ಟಳೆಯೊಳಗೆ ಹಿಡಿಸಿದವು. ಒಂಬತ್ತು ಅಕ್ಷರದ ಕರ್ನಾಟಕ ಹಿಡಿಸಲಿಲ್ಲ.

ಸಿ ಭಾಷೆಯಲ್ಲಿ ಬರೆಯುವವನು ಎಂಟು ಅಕ್ಷರ, ಒಂದು ಚುಕ್ಕೆ, ಮೂರು ಅಕ್ಷರ, ಕಡೆಯಲ್ಲಿ ಅಂತ್ಯಸೂಚಕವಾದ ಸೊನ್ನೆ ಎಂದು ಲೆಕ್ಕ ಹಾಕಿ ಹೆಸರಿಗೆ 13 ಮನೆಗಳ ಸರಣಿಯನ್ನು ಕಟ್ಟುತ್ತಿದ್ದನು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠಕ್ಕೆ ಆಧಾರವಾಗಿದ್ದ ಟರ್ಬೊ ಸಿ ಸಾಧನದಲ್ಲಿಯೂ, ಕಡತಗಳನ್ನು ಹುಡುಕಿ ಕೊಡುವ ‘ಫೈಂಡ್‌ಫಸ್ಟ್’ ಕಾರ್ಯವು ತಂದೊಪ್ಪಿಸುವ ರಚನೆಯಲ್ಲಿ ಹೆಸರಿಗೆ ಮೀಸಲಾದುದು ಇದೇ 13. ಸ್ಮರಣಕೋಶದ ಒಂದೊಂದು ಬೈಟನ್ನೂ ಎಣಿಸಿ ಬಳಸಬೇಕಾಗಿದ್ದ ಕಾಲದಲ್ಲಿ ಇದು ದೋಷವಲ್ಲ, ಮಿತವ್ಯಯ. ದೋಷವೆಂದು ನಾನು ಹೇಳುವುದು ಡಾಸ್‌ನ ಮೌನವನ್ನು. ‘ಶಕುಂತಲಾಕಥೆ’, ‘ಶಕುಂತಲಾಗೀತೆ’ ಎಂದು ರೋಮನ್ ಲಿಪಿಯಲ್ಲಿ ಎರಡು ಹೆಸರುಗಳನ್ನು ಕೊಟ್ಟರೆ ಅದು ಎರಡನ್ನೂ ಎಂಟನೆಯ ಅಕ್ಷರದಲ್ಲಿ ಕತ್ತರಿಸಿ ‘ಶಕುಂತ’ ಎಂದು ಮಾಡಿಕೊಂಡು, ಯಾವ ಎಚ್ಚರಿಕೆಯನ್ನೂ ಕೊಡದೆ, ಎರಡನೆಯದನ್ನು ಮೊದಲನೆಯದರ ಮೇಲೆಯೇ ಬರೆದುಬಿಡುತ್ತಿತ್ತು. ಒಬ್ಬನ ಶ್ರಮವು ಹೀಗೆ ಸದ್ದಿಲ್ಲದೆ ಅಳಿಯುವುದಕ್ಕಿಂತ ಕಾರ್ಯವು ನಿಂತುಹೋಗುವುದೇ ಎಷ್ಟೋ ಮೇಲು.

1995ರ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95, ಹಳೆಯ ಪ್ರೋಗ್ರಾಮುಗಳನ್ನು ಕೆಡಿಸದೆ 255 ಅಕ್ಷರಗಳವರೆಗಿನ ದೀರ್ಘನಾಮಕ್ಕೆ ಎಡೆಮಾಡಿದ ರೀತಿಯು ನನ್ನ ದೃಷ್ಟಿಯಲ್ಲಿ ಯಂತ್ರಶಿಲ್ಪದ ಅತ್ಯಂತ ಸೌಜನ್ಯಯುತವಾದ ಕೆಲಸಗಳಲ್ಲೊಂದು. ದೀರ್ಘನಾಮವನ್ನು ತುಂಡುತುಂಡಾಗಿ, ಒಂದೊಂದು ನಮೂದಿಗೆ ಇಲ್ಲಿಯೂ ಹದಿಮೂರರಂತೆಯೇ ಅಕ್ಷರಗಳನ್ನು ತುಂಬಿ, ಹ್ರಸ್ವನಾಮದ ಮುಂದುಗಡೆ ಸಾಲಾಗಿ ಇಟ್ಟರು. ಆ ನಮೂದುಗಳಿಗೆ ‘ಓದಲು ಮಾತ್ರ’, ‘ಗುಪ್ತ’, ‘ವ್ಯವಸ್ಥೆಯದು’, ‘ಸಂಪುಟದ ಹೆಸರು’ ಎಂಬ ನಾಲ್ಕು ಲಕ್ಷಣಗಳನ್ನೂ ಒಟ್ಟಿಗೇ ಹಚ್ಚಿದುದರಿಂದ, ಅಂಥ ಸಂಯೋಗವನ್ನು ಎಂದೂ ಕಾಣದ ಹಳೆಯ ಪ್ರೋಗ್ರಾಮುಗಳು ಅವನ್ನು ಗಮನಿಸದೆ ದಾಟಿಹೋದವು. ಹ್ರಸ್ವನಾಮದ 11 ಬೈಟುಗಳಿಂದ ಗಣಿಸಿದ ಒಂದು ಬೈಟಿನ ಅಭಿಜ್ಞಾನವನ್ನು ಪ್ರತಿಯೊಂದು ತುಂಡಿನಲ್ಲಿಯೂ ಇರಿಸಲಾಯಿತು. ಹಳೆಯ ಸಾಧನವೊಂದು ಡೈರೆಕ್ಟರಿಯನ್ನು ಕದಡಿ ಆ ಅಭಿಜ್ಞಾನವು ತಾಳೆಯಾಗದಿದ್ದಲ್ಲಿ ದೀರ್ಘನಾಮವು ನಿರಾಕೃತವಾಗುತ್ತದೆ, ಕಡತವು ಮಾತ್ರ ಉಳಿಯುತ್ತದೆ.

ಹ್ರಸ್ವನಾಮವನ್ನಾದರೋ ವ್ಯವಸ್ಥೆಯೇ ಹುಟ್ಟಿಸುತ್ತದೆ: ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿ. ಟಿಟ್ವಾಳಾದಿಂದ ಆರಂಭವಾಗುವ ದೀರ್ಘನಾಮಗಳೆಲ್ಲ ಹೀಗೆ ‘ಟಿಟ್ವಾಳ್~1’, ‘ಟಿಟ್ವಾಳ್~2’ ಎಂದಾಗುತ್ತವೆ. ಈ ಅಂಕಿಯು ಕಡತದ ಗುಣವಲ್ಲ, ಅದು ಬಂದು ಸೇರಿದ ಸರದಿ. ಬೇರೆಯ ಡಿಸ್ಕಿಗೆ ಬೇರೆಯ ಕ್ರಮದಲ್ಲಿ ಪ್ರತಿಮಾಡಿದರೆ ಒಂದು ಎರಡಾಗಿ, ಎರಡು ಒಂದಾಗಿ ಬದಲಾಗಬಲ್ಲುದು. ಆದುದರಿಂದ ಹ್ರಸ್ವನಾಮದಿಂದ ಕಡತವನ್ನು ತೆರೆಯಬಹುದು, ಆದರೆ ಅದನ್ನೇ ಶಾಶ್ವತವಾದ ಹೆಸರೆಂದು ತನ್ನ ದಾಖಲೆಯಲ್ಲಿ ಬರೆದಿಡುವ ಪ್ರೋಗ್ರಾಮು ನಾಳೆ ಬೇರೊಂದು ಕಡತದ ಬಾಗಿಲನ್ನು ತಟ್ಟೀತು.

ಇನ್ನೂ ಸೂಕ್ಷ್ಮವಾದ ತೊಡಕೊಂದುಂಟು. ಎಚ್ಚರಿಕೆಯಿಂದ ಬರೆದ ಹಳೆಯ ಪ್ರೋಗ್ರಾಮುಗಳು ಕಡತವನ್ನು ಉಳಿಸುವಾಗ ಹೊಸ ಪ್ರತಿಯನ್ನು ತಾತ್ಕಾಲಿಕವಾಗಿ ಬರೆದು, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರನ್ನೇ ಇಡುತ್ತಿದ್ದವು. ಅವು ಬಲ್ಲದ್ದು ಹ್ರಸ್ವನಾಮವನ್ನು ಮಾತ್ರವಾದುದರಿಂದ, ಅಳಿಸಿದ ಕಡತದೊಡನೆ ದೀರ್ಘನಾಮವೂ ಹೊರಟುಹೋಗಬೇಕಷ್ಟೆ. ಇದನ್ನು ಮೊದಲೇ ಕಂಡ ವಿಂಡೋಸ್ ಶಿಲ್ಪಿಗಳು ಅಳಿದ ಹೆಸರನ್ನು ಸಾಮಾನ್ಯವಾಗಿ 15 ಸೆಕೆಂಡುಗಳ ಕಾಲ ನೆನಪಿನಲ್ಲಿರಿಸಿಕೊಂಡು, ಅಷ್ಟರೊಳಗೆ ಅದೇ ಹ್ರಸ್ವನಾಮವು ಮತ್ತೆ ಹುಟ್ಟಿದರೆ ದೀರ್ಘನಾಮವನ್ನೂ ಹಿಂದಿರುಗಿಸುವ ಏರ್ಪಾಡು ಮಾಡಿದರು. ತಮ್ಮದಲ್ಲದ ಪ್ರೋಗ್ರಾಮಿನ ಅಜ್ಞಾನಕ್ಕೆ ತಾವು ಪರಿಹಾರ ಹುಡುಕಿದ ಈ ಉದಾರತೆಯನ್ನು ಮೆಚ್ಚದಿರಲಾರೆ.

ಹಳೆಯ ಸಿ ಪ್ರೋಗ್ರಾಮನ್ನು ತಿದ್ದಲು ಕುಳಿತವರು 13 ಎಂಬುದನ್ನು ಅಳಿಸಿ 256 ಎಂದು ಬರೆದ ಮಾತ್ರಕ್ಕೆ ಕೆಲಸ ಮುಗಿಯದು. ಹಳೆಯ ಸೇವೆಯನ್ನೇ ಕರೆದರೆ ದೊಡ್ಡ ಸರಣಿಯೊಳಕ್ಕೂ ಬರುವುದು ಹ್ರಸ್ವನಾಮವೇ. ವಿಂಡೋಸ್ 95 ಡಾಸ್ ಪ್ರೋಗ್ರಾಮುಗಳಿಗೆಂದು ದೀರ್ಘನಾಮದ ಪ್ರತ್ಯೇಕ ಸೇವೆಗಳನ್ನು ತೆರೆಯಿತು. ಡಿ. ಜೆ. ಡೆಲೋರಿ 1989ರಲ್ಲಿ ಆರಂಭಿಸಿದ ಡಿಜೆಜಿಪಿಪಿ ಸಿ ಸಾಧನವು, ಅಂಥ ಸೇವೆ ಇದೆಯೇ ಎಂಬುದನ್ನು ಪ್ರೋಗ್ರಾಮು ಓಡುವಾಗಲೇ ಕೇಳಿ ತಿಳಿದು ಅದರಂತೆ ನಡೆಯುತ್ತದೆ. ಸರಿಯಾದ ಮಾರ್ಗವು ಇದೇ: ಮಿತಿಯನ್ನು ಊಹಿಸದೆ ವಿಚಾರಿಸುವುದು.

ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿ ಇರತಕ್ಕದ್ದು, ಏಕೆಂದರೆ ಇಂದು ನಾವು ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಡಬಹುದು. ‘ಟಿಟ್ವಾಳಾ’ ಎಂಬ ಹೆಸರು ಯೂನಿಕೋಡಿನಲ್ಲಿ 8 ಸಂಕೇತಗಳು; ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3ರಂತೆ 24 ಬೈಟುಗಳು. ಅಲ್ಲಿಯ 255ರ ಮಿತಿಯು ಅಕ್ಷರಗಳದಲ್ಲ, ಬೈಟುಗಳದು. ಆದುದರಿಂದ ನಮಗೆ ದೊರೆಯುವುದು 85 ಸಂಕೇತಗಳು ಮಾತ್ರ. ಹಳೆಯ 13 ಮನೆಗಳಲ್ಲಿ ‘ಟಿಟ್’ ಎಂಬಷ್ಟೇ ನಿಲ್ಲುತ್ತದೆ. ಮೊದಲ ಕಾಲದ ಯುನಿಕ್ಸ್‌ನ 14 ಬೈಟುಗಳ ಅಂಕಣದಲ್ಲಿಯಾದರೆ ಮುಂದಿನ ವಕಾರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಒಳಗೆ ಬಂದು, ಯಾವ ಅಕ್ಷರವೂ ಅಲ್ಲದ ಶೇಷವಾಗಿ ಉಳಿಯುತ್ತವೆ. ಪಾಸಿಕ್ಸ್ ಮಾನದಂಡವು ಮಿತಿಯನ್ನು ವಿಚಾರಿಸುವುದಕ್ಕೆ ‘ಪಾಥ್‌ಕಾನ್ಫ್’ ಎಂಬ ಕಾರ್ಯವನ್ನು ಕೊಟ್ಟಿದೆ. ಹಿಡಿಸದ ಹೆಸರನ್ನು ಕತ್ತರಿಸದೆ, ಉದ್ದವು ಮಿತಿಮೀರಿದೆಯೆಂದು ತಿಳಿಸಿ ಹಿಂದಿರುಗಿಸುವ ಕ್ರಮವನ್ನೂ ಹೇಳಿದೆ. ಹಳೆಯ ಪ್ರೋಗ್ರಾಮುಗಳನ್ನು ತಿದ್ದುವವರು ಮೊದಲು ಈ ಎರಡನ್ನು ಅಳವಡಿಸಿ, ಆಮೇಲೆ ಕನ್ನಡದ ಹೆಸರೊಂದನ್ನು ಕೊಟ್ಟು ಪರೀಕ್ಷಿಸಲಿ.