ನಿರುದ್ಯೋಗ ಭತ್ಯೆಯೂ ಹೆಸರಿನ ತೊಡಕೂ

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಅರ್ಥವು, ಕೆಲಸವಿಲ್ಲದ ಪದವೀಧರನು ಸರ್ಕಾರದ ಭತ್ಯೆಗೆ ಅರ್ಜಿ ಹಾಕಿಕೊಂಡಾಗ ಅವನಿಗೆ ಚೆನ್ನಾಗಿ ತಿಳಿಯುತ್ತದೆ. ಸರ್ಕಾರವು ಹಣವನ್ನು ಕೊಡಲು ಒಪ್ಪಿರುತ್ತದೆ, ಅರ್ಹತೆಯೂ ಅವನಿಗಿರುತ್ತದೆ, ಆದರೂ ‘ನೀನು ನೀನೇ ಎಂಬುದಕ್ಕೆ ದಾಖಲೆ ಹೊಂದುವುದಿಲ್ಲ’ ಎಂಬ ಉತ್ತರ ಬರುತ್ತದೆ. ಈ ವರ್ಷ ಪದವಿ ಮುಗಿಸಿ ಕಾಲೇಜಿನಿಂದ ಹೊರಬೀಳಲಿರುವ ನಮ್ಮಲ್ಲಿ ಅನೇಕರು ಈ ಭತ್ಯೆಗೆ ಅರ್ಜಿ ಹಾಕಬೇಕಾದವರೇ. ಆದುದರಿಂದ ಅದರ ತೊಡಕುಗಳನ್ನು ನಾನು ಕಂಡು ಕೇಳಿ ತಿಳಿದುಕೊಂಡ ಮಟ್ಟಿಗೆ ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ನಮ್ಮ ರಾಜ್ಯದಲ್ಲಿ ಈ ಭತ್ಯೆಗೆ ‘ಯುವನಿಧಿ’ ಎಂದು ಹೆಸರು. 2023ರ ಡಿಸೆಂಬರ್ 26ರಂದು ಇದರ ನೋಂದಣಿ ಪ್ರಾರಂಭವಾಯಿತು. 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ನಡೆದ ಸಮಾರಂಭದಲ್ಲಿ ಮೊದಲ ಕಂತು ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ 180 ದಿನಗಳು ಕಳೆದರೂ ಕೆಲಸ ದೊರೆಯದವರಿಗೆ ಮಾತ್ರ ಇದು ಸಲ್ಲುತ್ತದೆ. ಹೆಚ್ಚೆಂದರೆ 2 ವರ್ಷ. ಮುಂದಿನ ವ್ಯಾಸಂಗಕ್ಕೆ ಸೇರಿದವರಿಗೆ ಇದಿಲ್ಲ. ತನಗೆ ಇನ್ನೂ ಉದ್ಯೋಗ ದೊರೆತಿಲ್ಲವೆಂದು ಅರ್ಜಿದಾರನು ಕಾಲಕಾಲಕ್ಕೆ ಸ್ವಯಂ ಘೋಷಣೆಯನ್ನೂ ಮಾಡಬೇಕು. ಮೂರು ಸಾವಿರವೆಂದರೆ ಪಟ್ಟಣದವರಿಗೆ ಏನೂ ಅಲ್ಲದಿರಬಹುದು. ಬಸ್ಸಿನ ಚೀಟಿ, ಪರೀಕ್ಷೆಯ ಶುಲ್ಕ, ಒಂದೆರಡು ಪುಸ್ತಕ ಇವುಗಳಿಗಾಗಿ ಪ್ರತಿ ಸಲವೂ ತಂದೆಯ ಮುಖ ನೋಡಬೇಕಾದವರಿಗೆ ಅದು ಎಷ್ಟು ದೊಡ್ಡದೆಂಬುದನ್ನು ಹೇಳಬೇಕಾಗಿಲ್ಲ.

ಅರ್ಜಿಯನ್ನು ಸೇವಾಸಿಂಧು ಎಂಬ ಜಾಲತಾಣದಲ್ಲಿಯೋ, ಗ್ರಾಮ ಒನ್ ಮೊದಲಾದ ಕೇಂದ್ರಗಳಲ್ಲಿಯೋ ಹಾಕುತ್ತಾರೆ. ಅಲ್ಲಿ ಗುಮಾಸ್ತೆಯೊಬ್ಬನು ಕಾಗದಗಳನ್ನು ತಿರುವಿಹಾಕಿ, ಕನ್ನಡಕ ಸರಿಪಡಿಸಿಕೊಂಡು, ನಮ್ಮ ಮುಖವನ್ನು ನೋಡುವುದಿಲ್ಲ. ಒಂದು ಗಣಕಯಂತ್ರವು ಮತ್ತೊಂದು ಗಣಕಯಂತ್ರವನ್ನು ಕೇಳುತ್ತದೆ. ಆಧಾರ್‌ನಲ್ಲಿರುವ ಹೆಸರೇನು, ವಿಶ್ವವಿದ್ಯಾನಿಲಯವು ಕಳುಹಿಸಿದ ಪದವಿಯ ದಾಖಲೆಯಲ್ಲಿರುವ ಹೆಸರೇನು, ಹುಟ್ಟಿದ ದಿನ ಯಾವುದು, ಆಧಾರ್‌ಗೆ ಜೋಡಿಸಿದ ಬ್ಯಾಂಕಿನ ಖಾತೆ ಯಾವುದು, ಇಷ್ಟೇ ಅದರ ಪ್ರಶ್ನೆಗಳು. ಯಂತ್ರವು ಹೋಲಿಸುವುದು ಅಕ್ಷರಗಳನ್ನು; ಮನುಷ್ಯರನ್ನಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ತೊಡಕುಗಳೆಲ್ಲ ಸುಲಭವಾಗಿ ತಿಳಿಯುತ್ತವೆ.

ಮೊದಲನೆಯದು ಹೆಸರು. ಕನ್ನಡಿಗರ ಹೆಸರುಗಳಷ್ಟು ಯಂತ್ರಕ್ಕೆ ಬಗೆಹರಿಯದ ಹೆಸರುಗಳು ಬೇರೆಲ್ಲಿಯೂ ಇರಲಾರವೆಂದು ನನಗೆ ತೋರುತ್ತದೆ. ಮೈಸೂರು ಕಡೆಯವರು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದೆಯೋ ಹಿಂದೆಯೋ ಇಟ್ಟುಕೊಳ್ಳುತ್ತಾರೆ. ಧಾರವಾಡ, ವಿಜಯಪುರದ ಕಡೆಯವರು ತಂದೆಯ ಪೂರ್ಣ ಹೆಸರನ್ನೂ ಮನೆತನದ ಅಡ್ಡಹೆಸರನ್ನೂ ಸೇರಿಸುತ್ತಾರೆ. ಶಾಲೆಯ ದಾಖಲೆಯಲ್ಲಿ ‘ಕೆ. ಎಂ. ಲಕ್ಷ್ಮಿ’ ಎಂದಿದ್ದವಳು ಆಧಾರ್‌ನಲ್ಲಿ ‘ಲಕ್ಷ್ಮಿ ಮರಿಯಪ್ಪ’ ಆಗಿರುತ್ತಾಳೆ. ಬ್ಯಾಂಕಿನಲ್ಲಿ ಬರಿಯ ‘ಲಕ್ಷ್ಮಿ’. ಕನ್ನಡದಲ್ಲಿ ಒಂದೇ ಆದ ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಎಕ್ಸ್’ ಎಂಬ ಅಕ್ಷರವನ್ನು ಹಾಕುತ್ತಾರೆ, ಮತ್ತೊಬ್ಬರು ‘ಕೆ ಎಸ್ ಎಚ್’ ಎಂದು ಮೂರಕ್ಷರ ಹಾಕುತ್ತಾರೆ. ಮಹಮ್ಮದ್ ಎಂಬ ಹೆಸರಿನ ನನ್ನ ಸಹಪಾಠಿಗಳು ಮೂವರಿದ್ದಾರೆ. ಮೂವರ ಅಂಕಪಟ್ಟಿಯಲ್ಲಿಯೂ ಇಂಗ್ಲಿಷಿನ ಕಾಗುಣಿತ ಬೇರೆ ಬೇರೆ. ಆಧಾರ್ ಶಿಬಿರದಲ್ಲಿ ಕುಳಿತ ಹುಡುಗನು ಕಿವಿಗೆ ಕೇಳಿದಂತೆ ಒತ್ತಿದ. ಓದು ಬರಹ ಬಾರದ ತಾಯಿತಂದೆಯರು, ಪರದೆಯ ಮೇಲೆ ಕಂಡ ಅಕ್ಷರಗಳು ಸರಿಯೇ ಎಂದು ಕೇಳಿದಾಗ, ಹೂಂ ಎಂದು ತಲೆಯಾಡಿಸಿ ಬಂದರು. ಆಗ ನಾವು ಏಳೆಂಟು ವರ್ಷದ ಮಕ್ಕಳು.

ಎರಡನೆಯದು ಹುಟ್ಟಿದ ದಿನ. ನಮ್ಮ ಹಳ್ಳಿಯ ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ಜೂನ್ 1ರಂದೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೋಗಲೆಂದು ಮುಖ್ಯೋಪಾಧ್ಯಾಯರು ಬರೆದ ದಿನ ಅದು. ಆಧಾರ್‌ನಲ್ಲಿ ನಿಜವಾದ ದಿನವನ್ನು ಬರೆಸಿದವನು ಇಂದು ತನ್ನ ಸತ್ಯಕ್ಕಾಗಿಯೇ ಕಷ್ಟಪಡುತ್ತಾನೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ದಿನವನ್ನು ಬದಲಿಸುವುದು ಬಹು ದೂರದ ಹಾದಿ. ಅದಕ್ಕಿಂತ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆಧಾರ್‌ನಲ್ಲಿ ತಿದ್ದಿಸಿಕೊಳ್ಳುವುದು ಹತ್ತಿರದ ದಾರಿ. ಆದರೆ ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಒಂದು ಸಲ, ಹೆಸರನ್ನು ಎರಡು ಸಲ ಮಾತ್ರ ಬದಲಿಸಲು ಸಾಮಾನ್ಯವಾಗಿ ಅವಕಾಶ. ಆದುದರಿಂದ ಯಾವ ಕಾಗದಕ್ಕೆ ಯಾವುದನ್ನು ಸರಿಹೊಂದಿಸಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಬೆರಳು ಮತ್ತು ದೂರವಾಣಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಗುಪ್ತ ಅಂಕಿಯನ್ನು ಹೇಳಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಮ್ಮಲ್ಲಿ ಅನೇಕರಿಗೆ ಆ ಮೊಬೈಲು ತಂದೆಯದು. ಅವರು ಹೊಲದಲ್ಲಿ, ನಾವು ಪಟ್ಟಣದ ಕೇಂದ್ರದ ಸಾಲಿನಲ್ಲಿ. ಮಕ್ಕಳಾಗಿದ್ದಾಗ ಆಧಾರ್ ಮಾಡಿಸಿಕೊಂಡವರು 15ನೆಯ ವಯಸ್ಸಿನಲ್ಲಿ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಹೊಸದಾಗಿ ಕೊಡಬೇಕೆಂಬ ನಿಯಮವಿದೆ. ಇದನ್ನು ತಿಳಿಯದವರು ಬಹಳ. ಬೆಳೆದ ಬೆರಳು ಎಳೆಯ ಬೆರಳಿನ ಗುರುತಿಗೆ ಹೊಂದದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇನ್ನು ಬ್ಯಾಂಕಿನ ಮಾತು. ಇದನ್ನು ನನ್ನ ಸೋದರತ್ತೆಯ ಮಗಳ ಉದಾಹರಣೆಯಿಂದಲೇ ಹೇಳುತ್ತೇನೆ. ಅವಳು 2023ರಲ್ಲಿ ಬಿ.ಎ. ಮುಗಿಸಿದಳು. ಅರ್ಜಿ ಅಂಗೀಕಾರವಾಯಿತೆಂದು ಸಂದೇಶ ಬಂದಿತು; ಹಣ ಬರಲಿಲ್ಲ. ಒಂದು ತಿಂಗಳಾಯಿತು, ಮೂರು ತಿಂಗಳಾಯಿತು. ಕಾಲೇಜಿಗೆ ಸೇರಿದಾಗ ಪಟ್ಟಣದಲ್ಲಿ ತೆರೆದಿದ್ದ ಖಾತೆಯ ಪುಸ್ತಕವನ್ನು ಪ್ರತಿ ವಾರವೂ ಅಚ್ಚು ಹಾಕಿಸಿ ತರುತ್ತಿದ್ದಳು. ಇಲಾಖೆಗೆ ಎರಡು ಮನವಿಗಳನ್ನು ಬರೆದಳು. ತಾನೇನೋ ತಪ್ಪು ಮಾಡಿರಬೇಕೆಂದು ಮನೆಯಲ್ಲಿ ಬಾಯಿಬಿಡದೆ ಕುಳಿತಳು. ಕಡೆಗೆ ತಿಳಿದುದೇನೆಂದರೆ, ಈ ಹಣವು ನಾವು ತೋರಿಸುವ ಖಾತೆಗೆ ಹೋಗುವುದಿಲ್ಲ. ಆಧಾರ್ ಸಂಖ್ಯೆಗೆ ಯಾವ ಬ್ಯಾಂಕು ಕಡೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಈ ಜೋಡಣೆಯ ಪಟ್ಟಿಯನ್ನು ಇಟ್ಟುಕೊಂಡಿರುವುದು ರಾಷ್ಟ್ರೀಯ ಪಾವತಿ ನಿಗಮ. ಬ್ಯಾಂಕಿಗೆ ಆಧಾರ್ ಪ್ರತಿಯನ್ನು ಕೊಟ್ಟಿರುವುದು ಬೇರೆ, ಈ ಪಟ್ಟಿಯಲ್ಲಿ ಸೇರುವುದು ಬೇರೆ. ಅದಕ್ಕೆ ಪ್ರತ್ಯೇಕವಾಗಿ ಒಪ್ಪಿಗೆಯ ಪತ್ರವನ್ನು ಬರೆದುಕೊಡಬೇಕು. ಅವಳ ಆಧಾರ್ ಜೋಡಣೆಯಾಗಿದ್ದುದು ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕಾಗಿ ಊರ ಬಳಿ ತೆರೆದಿದ್ದ ಖಾತೆಗೆ. ಮನೆಯ ಪೆಟ್ಟಿಗೆಯಲ್ಲಿ ಅರಿಸಿನದ ಕಲೆಯಾಗಿದ್ದ ಆ ಪುಸ್ತಕವನ್ನು ಹುಡುಕಿ ತೆಗೆದು ಅಚ್ಚು ಹಾಕಿಸಿದಾಗ, 3,000ದಂತೆ ಮೂರು ಸಾಲುಗಳು ಒಂದರ ಕೆಳಗೊಂದು ಬಂದವು. ಬ್ಯಾಂಕಿನ ಹೊರಗಿನ ಕಟ್ಟೆಯ ಮೇಲೆ ಕುಳಿತು ಅವಳು ಅತ್ತುದನ್ನು ನಾನು ನೋಡಿದ್ದೇನೆ.

ಅವಳ ಎರಡು ಮನವಿಗಳು ವ್ಯರ್ಥವಾದುದೇಕೆ ಎಂಬುದನ್ನು ಸ್ವಲ್ಪ ಆಲೋಚಿಸಬೇಕು. ತಿದ್ದುಪಡಿ ಬೇರೆ, ಮೇಲ್ಮನವಿ ಬೇರೆ. ದಾಖಲೆಯಲ್ಲಿ ದೋಷವಿದ್ದರೆ ಅದನ್ನು ಇಟ್ಟುಕೊಂಡವರ ಬಳಿಯಲ್ಲಿಯೇ ತಿದ್ದಿಸಬೇಕು. ಹೆಸರು ತಪ್ಪಿದ್ದರೆ ಆಧಾರ್ ಕೇಂದ್ರ. ಪದವಿಯ ದಾಖಲೆಯು ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರದಿದ್ದರೆ ವಿಶ್ವವಿದ್ಯಾನಿಲಯದ ಮೌಲ್ಯಮಾಪನ ಕುಲಸಚಿವರು. ಖಾತೆಯ ಜೋಡಣೆಯಾದರೆ ಬ್ಯಾಂಕು. ಭತ್ಯೆ ಕೊಡುವ ಇಲಾಖೆಗೆ ಈ ಮೂರರಲ್ಲಿ ಒಂದನ್ನೂ ತಿದ್ದುವ ಅಧಿಕಾರವಿಲ್ಲ. ಆದರೆ ದಾಖಲೆಗಳೆಲ್ಲ ಸರಿಯಾಗಿದ್ದೂ ‘ನೀನು ಉದ್ಯೋಗಿ’ ಎಂದೋ, ‘ವ್ಯಾಸಂಗ ಮಾಡುತ್ತಿರುವೆ’ ಎಂದೋ ತೀರ್ಮಾನಿಸಿದರೆ ಅದು ತೀರ್ಪಿನ ದೋಷ. ಅಲ್ಲಿ ಹೋರಾಡಬೇಕಾದುದು ಮೇಲಿನ ಅಧಿಕಾರಿಯ ಮುಂದೆ. ನಮ್ಮವರು ಸಾಮಾನ್ಯವಾಗಿ ಮೊದಲನೆಯದಕ್ಕೆ ಮನವಿ ಬರೆಯುತ್ತಾರೆ, ಎರಡನೆಯದಕ್ಕೆ ಹಣೆಬರಹವೆಂದು ಸುಮ್ಮನಾಗುತ್ತಾರೆ.

ನಿರುದ್ಯೋಗಿಗೆ ಇಂತಹ ತೀರ್ಪನ್ನು ಪ್ರಶ್ನಿಸುವ ಹಕ್ಕು ಹೊಸದೇನಲ್ಲ. 1911ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ವಿಮಾ ಶಾಸನವು ಬಂದಾಗಲೇ, ಅಧಿಕಾರಿಯು ಇಲ್ಲವೆಂದರೆ ಪಂಚರ ನ್ಯಾಯಮಂಡಲಿಯ ಮುಂದೆ ಹೋಗಲು ಕೆಲಸಗಾರನಿಗೆ ಅವಕಾಶವಿದ್ದಿತು. ಅಮೆರಿಕದ 1935ರ ಸಾಮಾಜಿಕ ಭದ್ರತಾ ಶಾಸನವು, ಭತ್ಯೆಯನ್ನು ನಿರಾಕರಿಸಲ್ಪಟ್ಟವನಿಗೆ ನಿಷ್ಪಕ್ಷಪಾತವಾದ ಮಂಡಲಿಯ ಮುಂದೆ ವಿಚಾರಣೆಯ ಅವಕಾಶ ಇರಲೇಬೇಕೆಂದು ವಿಧಿಸಿತು. ಆದರೆ ಅದೇ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2013ರಿಂದ 2015ರವರೆಗೆ ನಡೆದುದನ್ನು ಕೇಳಿದರೆ, ಕಾಗದದ ಮೇಲಿನ ಹಕ್ಕು ಸಾಲದೆಂದು ತಿಳಿಯುತ್ತದೆ. ಮೈಡಾಸ್ ಎಂಬ ಹೆಸರಿನ ಗಣಕವ್ಯವಸ್ಥೆಯೊಂದು ಅರ್ಜಿದಾರರ ಮಾತಿಗೂ ಮಾಲೀಕರ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಕಂಡರೆ ‘ಮೋಸ’ ಎಂದು ತಾನೇ ತೀರ್ಪು ಕೊಟ್ಟಿತು. ಹೀಗೆ ಸುಮಾರು 40,000 ಜನರ ಮೇಲೆ ಆರೋಪ ಬಂದಿತು; ಪಡೆದ ಹಣವನ್ನು ನಾಲ್ಕು ಪಟ್ಟು ದಂಡ ಸೇರಿಸಿ ಕೇಳಲಾಯಿತು. ತಿಳಿವಳಿಕೆ ಪತ್ರಗಳು ಎಷ್ಟೋ ಮಂದಿ ನೋಡುವುದನ್ನೇ ಬಿಟ್ಟಿದ್ದ ಜಾಲತಾಣದ ಖಾತೆಗಳಿಗೆ ಹೋದವು. ಮೇಲ್ಮನವಿಯ 30 ದಿನಗಳು ಮುಗಿದವು. ಬಳಿಕ ಆ ರಾಜ್ಯದವರೇ, ಯಂತ್ರವು ತಾನಾಗಿ ತೀರ್ಮಾನಿಸಿದ್ದ 22,000ಕ್ಕೂ ಮಿಕ್ಕಿದ ಪ್ರಕರಣಗಳನ್ನು ಮತ್ತೆ ನೋಡಿದಾಗ ನೂರಕ್ಕೆ 93 ತಪ್ಪೆಂದು ಕಂಡುಬಂದವು. 2022ರಲ್ಲಿ 2 ಕೋಟಿ ಡಾಲರ್ ಪರಿಹಾರಕ್ಕೆ ರಾಜ್ಯವು ಒಪ್ಪಿತು. ಅಷ್ಟರಲ್ಲಿ ಮನೆಮಠ ಕಳೆದುಕೊಂಡವರು ಕಳೆದುಕೊಂಡಿದ್ದರು.

ನಮ್ಮಲ್ಲಿ ಅಂತಹ ಮಂಡಲಿಯ ಬದಲು ಬೇರೆ ಕೆಲವು ಆಯುಧಗಳಿವೆ. ಎಲ್ಲಕ್ಕೂ ಮೊದಲು ನಿರಾಕರಣೆಯ ಕಾರಣವನ್ನು ಬರಹದಲ್ಲಿ ಪಡೆಯಬೇಕು. ‘ಸರ್ವರ್ ಬರುತ್ತಿಲ್ಲ, ಮುಂದಿನ ವಾರ ಬಾ’ ಎಂಬುದು ಕಾರಣವಲ್ಲ. ಅರ್ಜಿಯ ಸಂಖ್ಯೆಯನ್ನು ಬರೆದು, ಕೌಶಲ್ಯಾಭಿವೃದ್ಧಿ ಇಲಾಖೆಯ ಜಿಲ್ಲಾ ಕಛೇರಿಗೆ ಮನವಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ರಾಜ್ಯದ ಜನಸ್ಪಂದನ ವ್ಯವಸ್ಥೆಗೆ 1902 ಎಂಬ ಸಂಖ್ಯೆಯಲ್ಲಿ ದೂರು ಬರೆಸಿದರೆ ದೂರಿಗೊಂದು ಸಂಖ್ಯೆ ದೊರೆಯುತ್ತದೆ. ಇದಕ್ಕೂ ಜಗ್ಗದಿದ್ದರೆ 2005ರ ಮಾಹಿತಿ ಹಕ್ಕು ಶಾಸನವಿದೆ. ಶುಲ್ಕ 10 ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಇಲ್ಲಿ ಒಂದು ಸೂಕ್ಷ್ಮವಿದೆ: ‘ನನ್ನ ಅರ್ಜಿಯನ್ನು ಏಕೆ ತಿರಸ್ಕರಿಸಿದಿರಿ?’ ಎಂದು ಕೇಳಿದರೆ, ಅದು ಮಾಹಿತಿಯಲ್ಲ, ಪ್ರಶ್ನೆ ಎಂದು ಹಿಂದಿರುಗಿಸುವುದುಂಟು. ‘ಇಂತಹ ಸಂಖ್ಯೆಯ ಅರ್ಜಿಯ ಮೇಲೆ ದಾಖಲಾಗಿರುವ ಷರಾದ ನಕಲನ್ನು ಕೊಡಿ’ ಎಂದು ಕೇಳಬೇಕು.

ಗುರುತಿನ ವಿಷಯದಲ್ಲಿ ಶಾಸನವು ನಮ್ಮ ಪರವಾಗಿಯೂ ಕೆಲವು ಮಾತು ಹೇಳಿದೆ. 2016ರ ಆಧಾರ್ ಶಾಸನದ 7ನೆಯ ವಿಧಿಯಲ್ಲಿ, ಆಧಾರ್ ಸಂಖ್ಯೆ ಇನ್ನೂ ದೊರೆಯದವರಿಗೆ ಬೇರೆ ಗುರುತಿನಿಂದ ಸೌಲಭ್ಯ ಕೊಡಬೇಕೆಂದಿದೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಧಿಯನ್ನು ಎತ್ತಿಹಿಡಿಯಿತಾದರೂ, ಗುರುತು ಹೊಂದಲಿಲ್ಲವೆಂಬ ಒಂದೇ ಕಾರಣದಿಂದ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂಬ ಮಾತನ್ನೂ ಒತ್ತಿ ಹೇಳಿತು. ಮನವಿಯಲ್ಲಿ ಇದನ್ನು ಉಲ್ಲೇಖಿಸಿದರೆ ಅಧಿಕಾರಿಯು ಸ್ವಲ್ಪ ನೆಟ್ಟಗೆ ಕುಳಿತು ಓದುತ್ತಾನೆ. ಎರಡು ಹೆಸರಿನ ವ್ಯಕ್ತಿಯೂ ಒಬ್ಬನೇ ಎಂದು ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರವೂ ಇಂತಹ ಕಡೆ ಉಪಯೋಗಕ್ಕೆ ಬರುತ್ತದೆ. ಯಂತ್ರಕ್ಕೆ ಅದನ್ನು ಓದಲು ಬಾರದು, ಮನುಷ್ಯನಿಗೆ ಬರುತ್ತದೆ. ಮನವಿ ವಿಚಾರಣೆಯಲ್ಲಿರುವಾಗಲೂ ಸ್ವಯಂ ಘೋಷಣೆಯನ್ನು ತಪ್ಪಿಸಬಾರದು. ತಪ್ಪಿಸಿದರೆ ಹಳೆಯ ತಪ್ಪು ಸರಿಯಾಗುವ ಹೊತ್ತಿಗೆ ಹೊಸದೊಂದು ಕಾರಣ ಸಿದ್ಧವಾಗಿರುತ್ತದೆ.

ಫಲಿತಾಂಶದ ನಂತರದ 180 ದಿನಗಳು ಹೇಗಿದ್ದರೂ ಕಾಯುವ ದಿನಗಳೇ. ಹೆಸರು ತಿದ್ದಿಸಲು ವಾರಗಳು ಬೇಕಾಗುವುದರಿಂದ ಅಲ್ಲಿಯವರೆಗೂ ಕಾಯದಿರುವುದು ಲೇಸು. ಈ ಲೇಖನವನ್ನು ಬರೆಯುವ ಮೊದಲು ನಾನು ನನ್ನ ಅಂಕಪಟ್ಟಿ, ಆಧಾರ್, ಬ್ಯಾಂಕಿನ ಪುಸ್ತಕ ಮೂರನ್ನೂ ಚಾಪೆಯ ಮೇಲೆ ಸಾಲಾಗಿಟ್ಟು ನೋಡಿದೆ. ಎರಡರಲ್ಲಿ ಹೆಸರು ಸರಿಯಾಗಿದೆ. ಮೂರನೆಯದರಲ್ಲಿ ತಂದೆಯ ಹೆಸರಿನ ಕೊನೆಗೆ ಇಂಗ್ಲಿಷಿನ ‘ಎ’ ಅಕ್ಷರವೊಂದು ಹೆಚ್ಚಾಗಿದೆ. ತಂದೆಗೆ ತೋರಿಸಿದೆ, ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಯಾವುದು ಹೆಚ್ಚಿನದು ಎಂದು ಕೇಳಿದರು. ಬರುವ ಸೋಮವಾರ ಇಬ್ಬರೂ ಆಧಾರ್ ಕೇಂದ್ರಕ್ಕೆ ಹೋಗಲಿದ್ದೇವೆ.